ತಮ್ಮನ ದುಡ್ಡು ತಮ್ಮನ ಆರೈಕೆಗೇ ಖರ್ಚಾಗಬೇಕು: ನಿಮ್ಮ ಮನೆಯಲ್ಲಿ ಹೇಗೆ ನಡೆಸುತ್ತಿದ್ದೀರಿ?

ಪೆರ್ಲದ ಅಕ್ಕ

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನವಳು. ನನ್ನ ತಮ್ಮನಿಗೆ ಈಗ 27. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಮಾತಿಲ್ಲ, ದಿಂಬು ಕೊಟ್ಟು ಕೂರಿಸಿದರೆ ಒರಗಿ ಕೂರುತ್ತಾನೆ. ಅವನು ಹೊಟ್ಟೆಯಲ್ಲಿದ್ದಾಗ ಗುಡ್ಡದ ಗೇರು ತೋಟಕ್ಕೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವ ಹೆಲಿಕಾಪ್ಟರ್ ಇನ್ನೂ ಬರುತ್ತಿತ್ತು, ನಿಂತದ್ದು 2000ದಲ್ಲಿ. ಎಂಡೋ ಸಂತ್ರಸ್ತರ ಪಟ್ಟಿಯಲ್ಲಿ ಅವನ ಹೆಸರಿದೆ.

ಬರುವ ದುಡ್ಡು ಹೇಳುತ್ತೇನೆ. ಅಂಗವಿಕಲ ಪೆನ್ಶನ್ 2,000 (2025ರ ನವೆಂಬರಿಗೆ ಮೊದಲು 1,600 ಇತ್ತು). ಎಂಡೋ ಸಂತ್ರಸ್ತರಿಗೆ ಕೊಡುವ ಸ್ನೇಹಸಾಂತ್ವನಂ 1,700. ನೋಡಿಕೊಳ್ಳುವವಳೆಂದು ಅಮ್ಮನ ಹೆಸರಿಗೆ ಆಶ್ವಾಸಕಿರಣಂ 700. ಸುಪ್ರೀಂ ಕೋರ್ಟು 2017ರಲ್ಲಿ ಕೊಡಲು ಹೇಳಿದ ಐದು ಲಕ್ಷ ನಮಗೆ ಸಿಕ್ಕಿದ್ದು 2022ರಲ್ಲಿ. ಅದು ಅವನ ಹೆಸರಲ್ಲಿ ಡೆಪಾಸಿಟ್ ಇದೆ.

ಇಷ್ಟಿದ್ದೂ ಹೋದ ಮಳೆಗಾಲದಲ್ಲಿ ಅವನನ್ನು ಎತ್ತಲು ಹೋಗಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಸಹಾಯಕ್ಕೆ ಬರುತ್ತಿದ್ದ ಆಚೆಮನೆಯ ಅಕ್ಕ ಅದಕ್ಕೆ ಎರಡು ವಾರ ಮೊದಲು ಬಿಟ್ಟಿದ್ದರು. ಕಾರಣ, ನಾವು ಮೂರು ತಿಂಗಳು ಸಂಬಳ ಕೊಟ್ಟಿರಲಿಲ್ಲ. ದುಡ್ಡು ಎಲ್ಲಿ ಹೋಯಿತು ಎಂದು ಪಾಸ್‌ಬುಕ್ ಹಿಡಿದು ಕೂತೆ. ಮನೆಯ ಮಾಡಿನ ರಿಪೇರಿಗೆ ಒಂದಷ್ಟು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮೈಲುತುತ್ತು, ಸುಣ್ಣ, ಆಳಿನ ಕೂಲಿ. ಒಂದು ಮದುವೆಯ ಉಡುಗೊರೆ. ಯಾವುದೂ ದುಂದು ಅಲ್ಲ. ಆದರೆ ಯಾವುದೂ ತಮ್ಮನದ್ದಲ್ಲ. ನಾನು ಬದಿಯಡ್ಕದ ಅಂಗಡಿಯೊಂದರಲ್ಲಿ ದಿನವಿಡೀ ಲೆಕ್ಕ ಬರೆಯುವವಳು. ಅವನ ಹೆಸರಿಗೆ ಒಂದು ಪುಟವನ್ನೂ ತೆಗೆದಿರಲಿಲ್ಲ ಎಂಬುದು ಈಗಲೂ ಚುಚ್ಚುತ್ತದೆ.

ಸಾಲದ್ದಕ್ಕೆ, ಡೆಪಾಸಿಟ್ ಹೊಸತು ಮಾಡಲು ಹೋದಾಗ ಬ್ಯಾಂಕಿನಲ್ಲಿ "18 ದಾಟಿದೆ, ಅಮ್ಮನ ಸಹಿ ಆಗುವುದಿಲ್ಲ, ಗಾರ್ಡಿಯನ್ ಸರ್ಟಿಫಿಕೇಟ್ ತನ್ನಿ" ಎಂದರು. ಎಲ್ಲಿಂದ ತರುವುದೆಂದು ಹೇಳಲಿಲ್ಲ.

ಜನ ಇಟ್ಟುಕೊಳ್ಳುವುದು, ಸಂಬಳ, ಲೆಕ್ಕ, ಬ್ಯಾಂಕು ಇವನ್ನೆಲ್ಲ ನೀವು ಹೇಗೆ ಮಾಡುತ್ತೀರಿ? ಬಿಡಿಸಿ ಹೇಳಿದರೆ ಉಪಕಾರ.

ಮಂಜೇಶ್ವರ, ನಿವೃತ್ತ ಬ್ಯಾಂಕ್ ನೌಕರ

ತಂಗಿ, ಬ್ಯಾಂಕಿನ ವಿಷಯ ನಾನು ಹೇಳುತ್ತೇನೆ. ತಂದೆತಾಯಿ ಸ್ವಾಭಾವಿಕ ಪಾಲಕರಾಗಿರುವುದು ಮಗುವಿಗೆ 18 ತುಂಬುವವರೆಗೆ ಮಾತ್ರ. ಅಲ್ಲಿಂದ ಮುಂದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹು ವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯ ಪ್ರಕಾರ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ. ಅದರಲ್ಲಿ ಮೂವರು: ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಒಬ್ಬರು, ಅಂಗವೈಕಲ್ಯ ಇರುವವರೊಬ್ಬರು. ಅರ್ಜಿ ಫಾರಂ ಎ. ಆ ಸಮಿತಿಯ ಸರ್ಟಿಫಿಕೇಟನ್ನು ಬ್ಯಾಂಕು ಒಪ್ಪಬೇಕು, ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಸಿವಿಲ್ ಕೋರ್ಟಿಗೆ ಅಲೆಯಬೇಕಾಗಿಲ್ಲ.

ಆದರೆ ಸರ್ಟಿಫಿಕೇಟಿನ ಜೊತೆಗೆ ಒಂದು ಹೊಣೆಯೂ ಬರುತ್ತದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ನೇಮಕವಾದ ಆರು ತಿಂಗಳೊಳಗೆ ಪಾಲಕರು ಅವನ ಆಸ್ತಿ, ಹಣ, ಸಾಲದ ಪಟ್ಟಿ ಕೊಡಬೇಕು. ಆಮೇಲೆ ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂಬ ಲೆಕ್ಕ ಒಪ್ಪಿಸಬೇಕು. ಕಾಯಿದೆಯ ಸೆಕ್ಷನ್ 16. ಹಾಗಾಗಿ ನೀವು ಈಗ ಕೇಳುತ್ತಿರುವ ಆ ಲೆಕ್ಕದ ಪುಸ್ತಕ ಹೇಗೂ ಬೇಕಾಗುತ್ತದೆ.

ಇನ್ನು ಡೆಪಾಸಿಟ್. ಏಳು ಶೇಕಡಾ ಹಿಡಿದರೆ ಐದು ಲಕ್ಷಕ್ಕೆ ವರ್ಷಕ್ಕೆ 35,000, ತಿಂಗಳಿಗೆ ಹತ್ತಿರ ಹತ್ತಿರ 2,900. ಬಡ್ಡಿ ತಿಂಗಳು ತಿಂಗಳು ಉಳಿತಾಯ ಖಾತೆಗೆ ಬೀಳುವ ಹಾಗೆ ಬರೆಸಿ. 2025ರ ಏಪ್ರಿಲಿನಿಂದ ವರ್ಷಕ್ಕೆ 50,000ದವರೆಗಿನ ಬ್ಯಾಂಕು ಬಡ್ಡಿಗೆ ಟಿಡಿಎಸ್ (ಬ್ಯಾಂಕೇ ಮೊದಲು ಕಡಿದುಕೊಳ್ಳುವ ತೆರಿಗೆ) ಹಿಡಿಯುವುದಿಲ್ಲ, ಆ ಹೆದರಿಕೆ ಬೇಡ. ಪೆನ್ಶನ್, ಸ್ನೇಹಸಾಂತ್ವನಂ, ಬಡ್ಡಿ ಮೂರೂ ಅವನ ಒಂದೇ ಖಾತೆಗೆ ಬರಲಿ. ಅಮ್ಮನ 700 ಅಮ್ಮನ ಖಾತೆಗೆ. ಅದು ಅಮ್ಮನ ದುಡಿತದ ದುಡ್ಡು, ಅದನ್ನು ಇದರ ಜೊತೆ ಬೆರೆಸಬೇಡಿ.

ಮುಳ್ಳೇರಿಯ, ಗಾಲಿಕುರ್ಚಿಯವ

ಇಲ್ಲಿವರೆಗಿನ ಮಾತೆಲ್ಲ ಓದಿದೆ. ಒಂದು ಪ್ರಶ್ನೆ: ತಮ್ಮನನ್ನು ಕೇಳಿದ್ದೀರಾ?

ಸಿಟ್ಟಿನಿಂದ ಕೇಳುತ್ತಿರುವುದಲ್ಲ. 2011ರಲ್ಲಿ ಅಡಿಕೆ ಮರದಿಂದ ಬಿದ್ದೆ, ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಮೊದಲ ಎರಡು ವರ್ಷ ನನ್ನ ಪೆನ್ಶನ್ ತಂದದ್ದು ಅಣ್ಣ, ಖರ್ಚು ಮಾಡಿದ್ದು ಅಣ್ಣ, ಯಾರು ಬಂದು ನನ್ನ ಮೈ ತೊಳೆಯಬೇಕೆಂದು ತೀರ್ಮಾನಿಸಿದ್ದೂ ಅಣ್ಣ. ಅವನಲ್ಲಿ ಒಂದು ಚೂರು ಕೆಟ್ಟ ಮನಸ್ಸಿರಲಿಲ್ಲ. ಆದರೆ ಅವನು ತಂದ ಅಗ್ಗದ ಹಾಸಿಗೆಯಲ್ಲಿ ನನಗೆ ಬೆನ್ನ ಕೆಳಗೆ ಹುಣ್ಣಾಯಿತು, ಅಂಗೈಯಗಲ. ನಾನೇ ಆರಿಸುತ್ತಿದ್ದರೆ ಟಿವಿ ಬಿಟ್ಟು ಗಾಳಿ ಹಾಸಿಗೆ ತರಿಸುತ್ತಿದ್ದೆ. ಹುಣ್ಣು ಒಣಗಲು ಏಳು ತಿಂಗಳು ಹಿಡಿಯಿತು. ಈಗ ಕಾರ್ಡು ನನ್ನ ಕೈಯಲ್ಲಿದೆ. ಬೆಳಗ್ಗೆ ಬರುವ ಹುಡುಗನನ್ನು ನಾನೇ ಮಾತಾಡಿ ಇಟ್ಟುಕೊಂಡೆ, ಕೆಲಸವನ್ನು ನಾನೇ ಹೇಳಿಕೊಟ್ಟೆ, ಸಂಬಳವನ್ನು ನಾನೇ ಕೊಡುತ್ತೇನೆ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಸೆಕ್ಷನ್ 13 ಓದಿ. ತನ್ನ ಹಣಕಾಸನ್ನು ತಾನೇ ನಡೆಸುವ ಹಕ್ಕು ಉಳಿದವರಿಗೆ ಇದ್ದಷ್ಟೇ ನಮಗೂ ಇದೆ. ಬೆಂಬಲ ಕೊಡುವವರ ಹಿತಕ್ಕೂ ನಮ್ಮ ಹಿತಕ್ಕೂ ದುಡ್ಡಿನ ವಿಷಯದಲ್ಲಿ ತಿಕ್ಕಾಟ ಬಂದರೆ ಆ ವ್ಯವಹಾರದಲ್ಲಿ ಅವರು ಬೆಂಬಲ ಕೊಡದೆ ದೂರ ನಿಲ್ಲಬೇಕು ಎಂದೂ ಅಲ್ಲೇ ಇದೆ. ಬೋರ್ಡೋ ಖರ್ಚು ಅಂಥದ್ದೇ. ಅಕ್ಕ ತಾವಾಗಿಯೇ ಹೇಳಿಕೊಂಡದ್ದಕ್ಕೆ ಗೌರವವಿದೆ, ಆದರೆ ಹೆಸರಿಟ್ಟು ಹೇಳಲೇಬೇಕು.

ಸೆರೆಬ್ರಲ್ ಪಾಲ್ಸಿ ಅಂದರೆ ಬುದ್ಧಿ ಕಡಿಮೆ ಎಂದಲ್ಲ. ಮಾತಿಲ್ಲ ಅಂದರೆ ಅಭಿಪ್ರಾಯ ಇಲ್ಲ ಎಂದೂ ಅಲ್ಲ.

ಮಂಜೇಶ್ವರ, ನಿವೃತ್ತ ಬ್ಯಾಂಕ್ ನೌಕರ

ಮುಳ್ಳೇರಿಯದವರು ಹೇಳಿದ್ದು ಸರಿ, ನಾನು ಅದನ್ನು ಮೊದಲೇ ಬರೆಯಬೇಕಿತ್ತು. ತಿಳುವಳಿಕೆ ಇದ್ದು ಕೈ ಮಾತ್ರ ಆಗದವರಿಗೆ ಪಾಲಕರೇ ಬೇಡ. ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆಯಬಹುದು. ಕೈಬೆರಳೂ ಆಗದಿದ್ದರೆ ಕಾಲಿನ ಹೆಬ್ಬೆರಳಿನ ಗುರುತೂ ನಡೆಯುತ್ತದೆ, ಬ್ಯಾಂಕಿಗೆ ಪರಿಚಯದ ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಜವಾಬ್ದಾರಿಯುತ ಬ್ಯಾಂಕ್ ಅಧಿಕಾರಿ ಆಗಿರಬೇಕು. ನಾನೇ ಒಬ್ಬ ಅಜ್ಜನ ಹಾಸಿಗೆಯ ಹತ್ತಿರ ಕೂತು ಹಾಗೆ ಗುರುತು ತೆಗೆದುಕೊಂಡಿದ್ದೇನೆ. ಇಂಕ್ ಪ್ಯಾಡು ತಣ್ಣಗೆ ತಗಲಿದ್ದಕ್ಕೆ ಅವರು ಕಾಲು ಹಿಂದೆಳೆದು, ಮತ್ತೆ ತಾವಾಗಿಯೇ ಮುಂದೆ ಕೊಟ್ಟರು. ಮನೆಗೇ ಬಂದು ಬ್ಯಾಂಕು ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2017ರಲ್ಲೇ ಸೂಚನೆ ಕೊಟ್ಟಿದೆ, 70 ದಾಟಿದವರಿಗೂ ಅಂಗವೈಕಲ್ಯ ಇರುವವರಿಗೂ. ಕೇಳಿ ಪಡೆಯಬೇಕು.

ಉಪ್ಪಳದಿಂದ, ಇಬ್ಬರು ಮಕ್ಕಳ ಅಪ್ಪ

ಓದುತ್ತಾ ಬೇಸರವಾಯಿತು. ಒಂದೇ ಮನೆ, ಒಂದೇ ಒಲೆ. ಮಗನ ದುಡ್ಡು, ಮನೆಯ ದುಡ್ಡು ಎಂದು ಗೆರೆ ಎಳೆಯುವುದು ಹೇಗೆ? ಮಾಡು ಸೋರಿದರೆ ಅವನ ಮೇಲೂ ಸೋರುತ್ತದೆ. ತೋಟ ಹೋದರೆ ಅವನಿಗೆ ಅನ್ನ ಎಲ್ಲಿಂದ? ನನ್ನ ಮಗಳಿಗೆ 80 ಶೇಕಡಾ ವೈಕಲ್ಯ. ಅವಳಿಗೆಂದು ಬರುವುದಕ್ಕಿಂತ ನಾಲ್ಕು ಪಾಲು ಹೆಚ್ಚು ನಾವು ಕೈಯಿಂದ ಹಾಕುತ್ತಿದ್ದೇವೆ. ಅದಕ್ಕೆ ಯಾರು ಲೆಕ್ಕ ಕೇಳುತ್ತಾರೆ?

ಮುಳ್ಳೇರಿಯ, ಗಾಲಿಕುರ್ಚಿಯವ

ಅಣ್ಣ, ನೀವು ಹಾಕುವುದನ್ನೂ ಬರೆದಿಡಿ ಎನ್ನುತ್ತೇನೆ. ಮಗಳ ಆರೈಕೆಗೆ ನಿಜವಾಗಿ ತಿಂಗಳಿಗೆ ಎಷ್ಟು ಬೇಕು ಎಂಬುದು ಬರೆದರೆ ಮಾತ್ರ ಗೊತ್ತಾಗುತ್ತದೆ. ಅದೇ ಕಾಯಿದೆಯ ಸೆಕ್ಷನ್ 24ರಲ್ಲಿ ಹೆಚ್ಚಿನ ಬೆಂಬಲ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಿದೆ. ಬೇರೆಯವರಿಗಿರುವ ಅಂಥದ್ದೇ ಯೋಜನೆಗಿಂತ ನಮ್ಮ ಮೊತ್ತ ಕನಿಷ್ಠ 25 ಶೇಕಡಾ ಹೆಚ್ಚಿರಬೇಕು ಎಂದೂ ಇದೆ. 700 ಸಾಲದು ಎಂದು ಗ್ರಾಮಸಭೆಯಲ್ಲಿ ಎದ್ದು ಹೇಳುವಾಗ ಕೈಯಲ್ಲಿ ಒಂದು ವರ್ಷದ ಪುಸ್ತಕ ಇರಲಿ. ನಾನು ಹೋದ ವರ್ಷ ಹಾಗೆ ಎದ್ದು ಓದಿದೆ. ಕ್ಯಾತೆಟರ್, ಮೂತ್ರದ ಚೀಲ, ಹತ್ತಿ, ಹುಡುಗನ ಸಂಬಳ, ಆಟೋ, ತಿಂಗಳು ತಿಂಗಳಿನದ್ದು. ಸಭೆ ನಿಶ್ಶಬ್ದವಾಗಿ ಕೇಳಿತು.

ಮಾಡಿನ ವಿಷಯದಲ್ಲಿ ನಿಮ್ಮ ಮಾತು ಒಪ್ಪಬಹುದು. ಅವಳು ಮಲಗುವ ಕೋಣೆಯ ಮಾಡಾದರೆ ಅವಳ ದುಡ್ಡಿನಿಂದ ಒಂದು ಪಾಲು ಹೋಗಲಿ, ಬರೆದಿಡಿ. ಅವಳಿಗೆ ಹೇಳಿ.

ಕುಂಬ್ಡಾಜೆ ಕಡೆಯ ಪಾಲಿಯೇಟಿವ್ ನರ್ಸ್

ಅಮ್ಮ ಬಿದ್ದ ವಿಷಯ ಓದಿ ಬರೆಯದೆ ಇರಲಾಗಲಿಲ್ಲ. ಒಬ್ಬರೇ ದೊಡ್ಡ ಮೈಯ ಹುಡುಗನನ್ನು ಬಚ್ಚಲಿಗೆ ಎತ್ತಬಾರದು. ಹಾಸಿಗೆಯಲ್ಲೇ ಮೈ ಒರೆಸಿ, ಸ್ನಾನ ವಾರಕ್ಕೆರಡು ಸಲ ಇಬ್ಬರಿದ್ದಾಗ ಸಾಕು.

ಮನೆಗಳಿಗೆ ಹೋಗುವಾಗ ನಾನು ಕಾಣುವುದು ಇದನ್ನೇ: ಜನ ಸಿಗುತ್ತಾರೆ, ಆದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಹಾಗಾಗಿ ಗೋಡೆಗೆ ಒಂದು ಹಾಳೆ ಅಂಟಿಸಿ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಬೆಳಗ್ಗೆ ಎಷ್ಟು ಗಂಟೆಗೆ ಫಿಟ್ಸ್ ಮಾತ್ರೆ, ಅದನ್ನು ಒಂದು ಹೊತ್ತೂ ಬಿಡಬಾರದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಉಣಿಸುವಾಗ ಬೆನ್ನು ನೇರ, ಗಲ್ಲ ಸ್ವಲ್ಪ ಕೆಳಗೆ, ಗಂಜಿ ಗಟ್ಟಿ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು, ಅನ್ನ ಶ್ವಾಸಕ್ಕೆ ಹೋದರೆ ಅದೇ ನ್ಯುಮೋನಿಯಾ. ಹಿಮ್ಮಡಿ, ಸೊಂಟದ ಮೂಳೆ, ಮೊಣಕೈ, ಕಿವಿಯ ಹಿಂಬದಿ ದಿನಾ ನೋಡಬೇಕು. ಕೆಂಪಾಗಿದ್ದು ಒತ್ತಿದರೂ ಬಿಳಿಯಾಗದಿದ್ದರೆ ಅವತ್ತೇ ನಮಗೆ ಫೋನ್ ಮಾಡಿ.

ಹೊಸಬರು ಬಂದರೆ ಮೊದಲ ಮೂರು ದಿನ ಅಮ್ಮ ಜೊತೆಗೆ ನಿಲ್ಲಲಿ. ಆ ಮೂರು ದಿನಕ್ಕೂ ಪೂರ್ತಿ ಸಂಬಳ ಕೊಡಿ. ಕಲಿಯುವುದೂ ಕೆಲಸವೇ. ಪಂಚಾಯತಿನ ಹೋಂ ಕೇರ್ ತಂಡಕ್ಕೆ ಹೇಳಿದರೆ ಬಂದು ತೋರಿಸಿಕೊಡುತ್ತೇವೆ, ಅದಕ್ಕೆ ದುಡ್ಡಿಲ್ಲ.

ನೀರ್ಚಾಲಿನವಳು, ಈಗ ಮೆಲ್ಬರ್ನ್‌ನಲ್ಲಿ

ನನ್ನ ಮಗಳು ಇಲ್ಲಿನ ಎನ್‌ಡಿಐಎಸ್ ಎಂಬ ಅಂಗವೈಕಲ್ಯ ವಿಮೆಯಲ್ಲಿದ್ದಾಳೆ. 2013ರ ಕಾನೂನಿನಿಂದ ಬಂದದ್ದು. ಅವಳಿಗೆ ವರ್ಷಕ್ಕೆ ಇಷ್ಟು ಎಂದು ಯೋಜನೆ ಬರೆದು ಕೊಡುತ್ತಾರೆ. ಆ ದುಡ್ಡನ್ನು ಸರಕಾರದ ಸಂಸ್ಥೆಯೇ ನಡೆಸಬಹುದು, ಪ್ಲಾನ್ ಮ್ಯಾನೇಜರ್ ಎಂಬವರಿಗೆ ಒಪ್ಪಿಸಬಹುದು, ಇಲ್ಲವೇ ಸ್ವಯಂ ನಿರ್ವಹಣೆ ಅಂದರೆ ನಾವೇ ನಡೆಸಬಹುದು. ನಾವು ಮೂರನೆಯದ್ದು ಆರಿಸಿದೆವು. ಯಾರು ಬರಬೇಕು, ಎಷ್ಟು ಹೊತ್ತಿಗೆ, ಎಷ್ಟು ಸಂಬಳಕ್ಕೆ ಎಂಬುದು ನಮ್ಮ ಕೈಯಲ್ಲಿದೆ. ಸಂಸ್ಥೆಯಲ್ಲಿ ನೋಂದಾಯಿಸದವರನ್ನೂ ಇಟ್ಟುಕೊಳ್ಳಬಹುದು. ಅದಕ್ಕೇ ಮಗಳಿಗೆ ತುಳು ಬರುವ ಒಬ್ಬಳನ್ನು ಹುಡುಕಿ ತರಲಾಯಿತು.

ಊರಿನ 3,700 ರೂಪಾಯಿಗೂ ಇದಕ್ಕೂ ಹೋಲಿಕೆ ಇಲ್ಲ, ಗೊತ್ತು. ಬರೆಯಲು ಕೈ ಹಿಂಜರಿಯಿತು. ಆದರೆ ನಡೆಸುವ ಕ್ರಮ ದುಡ್ಡು ಕಡಿಮೆಯಿದ್ದಲ್ಲಿ ಇನ್ನೂ ಹೆಚ್ಚು ಬೇಕಾಗುತ್ತದೆ ಎಂದು ಕಂಡದ್ದರಿಂದ ಹೇಳುತ್ತೇನೆ.

ಬೇರೆ ಖಾತೆ ಇಡುವುದು ಇಲ್ಲಿಯೂ ಮೊದಲ ಪಾಠ. ಬಿಲ್ಲು, ರಶೀದಿ ಐದು ವರ್ಷ ಇಟ್ಟುಕೊಳ್ಳಬೇಕು, ಯಾವಾಗ ಬೇಕಾದರೂ ಕೇಳಬಹುದು. ನಾವೇ ಯಜಮಾನರಾಗಿ ಕೆಲಸಕ್ಕೆ ಇಟ್ಟುಕೊಂಡರೆ ಅವರ ನಿವೃತ್ತಿ ನಿಧಿಗೆ ಸಂಬಳದ 12 ಶೇಕಡಾ ಕಟ್ಟಬೇಕು, ಕೆಲಸದಲ್ಲಿ ಪೆಟ್ಟಾದರೆ ಎಂದು ವಿಮೆಯೂ ಇರಬೇಕು.

ನಾನು ಎಡವಿದ್ದು ಮೊದಲ ವರ್ಷ. ದುಡ್ಡು ತುಂಬಾ ಇದೆ ಎಂದು ಮೊದಲ ನಾಲ್ಕು ತಿಂಗಳು ಧಾರಾಳ ಗಂಟೆಗಳನ್ನು ಬಳಸಿದೆ. ಕೊನೆಯ ಎರಡು ತಿಂಗಳಿಗೆ ಏನೂ ಉಳಿಯಲಿಲ್ಲ. ರಜೆ ಹಾಕಿ ನಾನೇ ಮನೆಯಲ್ಲಿ ಕೂತೆ, ಮಗಳು ತನ್ನ ಗೆಳತಿಯನ್ನು ಕೇಳಿ ಅತ್ತಳು. ಈಗಿನ ಹೊಸ ಯೋಜನೆಗಳಲ್ಲಿ ದುಡ್ಡನ್ನು ಸಾಮಾನ್ಯವಾಗಿ ಮೂರು ಮೂರು ತಿಂಗಳ ಕಂತಾಗಿ ಬಿಡುತ್ತಾರೆ. ಊರಲ್ಲಿ ತೊಂದರೆ ಬೇರೆ ರೀತಿಯದ್ದು, ಪೆನ್ಶನ್ ಕೆಲವೊಮ್ಮೆ ಎರಡು ಮೂರು ತಿಂಗಳು ತಡವಾಗಿ ಒಟ್ಟಿಗೆ ಬರುತ್ತದೆ. ಹಾಗೆ ಒಟ್ಟಿಗೆ ಬಂದದ್ದು ಹೆಚ್ಚುವರಿ ದುಡ್ಡಲ್ಲ. ಬಂದ ದಿನವೇ ತಿಂಗಳಿಗಿಷ್ಟು ಎಂದು ಪಾಲು ಮಾಡಿ. ಸಹಾಯಕರ ಎರಡು ತಿಂಗಳ ಸಂಬಳ ಕೂಡುವವರೆಗೆ ಬೇರೆ ಯಾವುದಕ್ಕೂ ಕೈ ಹಾಕಬೇಡಿ. ನಿಮ್ಮ ಆಚೆಮನೆಯ ಅಕ್ಕ ಬಿಟ್ಟದ್ದು ಅದೊಂದು ಇಲ್ಲದ್ದಕ್ಕೆ.

ಇನ್ನೊಂದು, ಬದಲಿ ಜನ. ಬರುವವರಿಗೆ ಜ್ವರ ಬಂದ ದಿನ ಯಾರು ಎಂಬುದು ಗೋಡೆಯ ಹಾಳೆಯಲ್ಲೇ ಇರಲಿ.

ತಲಪಾಡಿಯವ

ಮಸ್ಟರಿಂಗ್, ಅಂದರೆ ಪೆನ್ಶನ್ ಪಡೆಯುವವರು ಬದುಕಿದ್ದಾರೆಂದು ದೃಢಪಡಿಸುವುದು, ಅದನ್ನು ಮರೆಯಬೇಡಿ. ನಮ್ಮ ಅತ್ತಿಗೆಯ ಪೆನ್ಶನ್ ಅದೊಂದರಿಂದಲೇ ನಿಂತಿತು. ಹಾಸಿಗೆ ಹಿಡಿದವರಿಗೆ ಸರಕಾರಿ ಸೇವೆಯ ಅಕ್ಷಯ ಕೇಂದ್ರದವರು ಮನೆಗೇ ಬಂದು ಮಾಡಿಕೊಡುತ್ತಾರೆ, ಹೆಸರು ಕೊಟ್ಟಿರಬೇಕು ಅಷ್ಟೆ.

ಮುಳ್ಳೇರಿಯ, ಗಾಲಿಕುರ್ಚಿಯವ

ಅರ್ಜಿಯ ಭಾಷೆಯ ಬಗ್ಗೆಯೂ ಒಂದು ಮಾತು. ಫಾರಂ ಮಲಯಾಳದಲ್ಲಿದೆ ಎಂದು ಬೇರೆಯವರ ಕೈಯಲ್ಲಿ ತುಂಬಿಸಿ, ಏನು ಬರೆದರೆಂದು ಗೊತ್ತಿಲ್ಲದೆ ಹೆಬ್ಬೆಟ್ಟು ಒತ್ತುವವರು ನಮ್ಮಲ್ಲಿ ಎಷ್ಟೋ ಜನ. ಕೇರಳದ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ಕನ್ನಡದಲ್ಲೇ ಪತ್ರ ಬರೆಯಲು, ಕನ್ನಡದಲ್ಲೇ ಉತ್ತರ ಪಡೆಯಲು ಅವಕಾಶ ಕೊಟ್ಟಿದೆ. ಫಾರಂ ಅವರದ್ದಿರಲಿ, ಜೊತೆಗೆ ಕನ್ನಡದಲ್ಲಿ ಒಂದು ಪುಟ ಲಗತ್ತಿಸಿ: ಅವನಿಗೆ ಏನೇನು ಬೇಕು, ದಿನಕ್ಕೆ ಎಷ್ಟು ಗಂಟೆ ಸಹಾಯ ಬೇಕು ಎಂದು. ಒಂದು ಪ್ರತಿಗೆ ಸೀಲು ಹಾಕಿಸಿ ಮನೆಗೆ ತನ್ನಿ.

ಪೆರ್ಲದ ಅಕ್ಕ

ಇಪ್ಪತ್ತೆರಡು ದಿನ ಆಯಿತು, ಬರೆಯಲು ಈಗ ಹೊತ್ತಾಯಿತು. ಎಲ್ಲರಿಗೂ ಉಪಕಾರ ಹೇಳಬೇಕು. ನಡೆದದ್ದನ್ನು ಹೇಳುತ್ತೇನೆ.

ಮುಳ್ಳೇರಿಯದ ಅಣ್ಣನ ಪ್ರಶ್ನೆ ನನಗೆ ಎರಡು ರಾತ್ರಿ ನಿದ್ದೆ ಕೊಡಲಿಲ್ಲ. ತಮ್ಮ ಹೌದು ಎನ್ನಲು ಕಣ್ಣು ಮೇಲೆತ್ತುತ್ತಾನೆ, ಬೇಡ ಎನ್ನಲು ಬಿಗಿಯಾಗಿ ಮುಚ್ಚುತ್ತಾನೆ. ಚಹಾ ಬೇಕಾ, ಫ್ಯಾನ್ ಬೇಕಾ ಎಂದು ಇಪ್ಪತ್ತು ವರ್ಷದಿಂದ ಕೇಳುತ್ತಾ ಬಂದಿದ್ದೇವೆ. ದುಡ್ಡಿನ ಬಗ್ಗೆ, ಜನದ ಬಗ್ಗೆ ಕೇಳಿರಲೇ ಇಲ್ಲ. ಒಂದು ಭಾನುವಾರ ಅವನ ಪಕ್ಕದಲ್ಲಿ ಪಾಸ್‌ಬುಕ್ ತೆರೆದು ಕೂತು ಎಲ್ಲ ಹೇಳಿದೆ. ಬೋರ್ಡೋವಿಗೆ ತೆಗೆದದ್ದನ್ನೂ ಹೇಳಿದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಆಮೇಲೆ ಕೇಳಿದೆ, ಆಚೆಮನೆಯ ಅಕ್ಕನನ್ನು ಮತ್ತೆ ಕರೆಯಲಾ ಎಂದು. ಕಣ್ಣು ಮುಚ್ಚಿದ. ಅವರು ನೋಯಿಸುತ್ತಾರಾ? ಮುಚ್ಚಿದ. ಬೈಯುತ್ತಾರಾ? ಮುಚ್ಚಿದ. ಹಾಗೇ ಒಂದೊಂದಾಗಿ ಕೇಳುತ್ತಾ ಹೋದೆ. ಕೊನೆಗೆ, ಸ್ನಾನಕ್ಕೆ ಗಂಡಸು ಬೇಕಾ ಎಂದೆ. ಕಣ್ಣು ಮೇಲೆ ಹೋದದ್ದು ಕೆಳಗೆ ಬರಲೇ ಇಲ್ಲ.

ಸ್ನಾನದ ಹೊತ್ತಿಗೆ ಅವನ ಕೈಕಾಲು ಸೆಟೆದುಕೊಳ್ಳುತ್ತಿದ್ದದ್ದನ್ನು ನಾವು ಕಾಯಿಲೆಯೆಂದೇ ತಿಳಿದಿದ್ದೆವು. 27 ವರ್ಷದ ಗಂಡಸು ಎಂದು ನಮಗೆ ಹೊಳೆಯಲಿಲ್ಲ.

ಅಮ್ಮ ಅಂದು ಉಣ್ಣಲಿಲ್ಲ.

ಈಗ ಕೆಳಗಿನ ಮನೆಯ ಹುಡುಗ ಬರುತ್ತಾನೆ, ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವವ. ಬೆಳಗ್ಗೆ ಏಳರಿಂದ ಎಂಟೂವರೆ. ದಿನಕ್ಕೆ 150, ತಿಂಗಳಿಗೆ 26 ದಿನ, 3,900. 2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 369 ಇತ್ತು ಎಂದು ನೋಡಿ, ಒಂದೂವರೆ ಗಂಟೆಗೆ 150 ನ್ಯಾಯ ಎಂದು ಇಬ್ಬರೂ ಒಪ್ಪಿದೆವು. ನರ್ಸಮ್ಮ ಹೇಳಿದ ಹಾಗೆ ಮೊದಲ ಮೂರು ದಿನವೂ ಸಂಬಳ. ನಮ್ಮ ಪಂಚಾಯತಿನ ಹೋಂ ಕೇರ್‌ನವರು ಬಂದು ಮಗ್ಗುಲು ಬದಲಿಸುವುದನ್ನು, ಹಾಸಿಗೆಯ ಬಟ್ಟೆ ಹಿಡಿದು ಇಬ್ಬರು ಸರಿಸುವುದನ್ನು ಅವನಿಗೆ ತೋರಿಸಿದರು. ಬದಲಿಗೆ ಅವನ ಅಣ್ಣ. ಒಪ್ಪಂದವನ್ನು ಒಂದು ಹಾಳೆಯಲ್ಲಿ ಬರೆದು ಓದಿ ಹೇಳಿ ಸಹಿ ಮಾಡಿದೆವು: ಕೆಲಸ, ಹೊತ್ತು, ಸಂಬಳದ ದಿನ, ಬಿಡುವುದಾದರೆ ಹದಿನೈದು ದಿನ ಮೊದಲು ಹೇಳುವುದು. ತಮ್ಮನ ಹೆಬ್ಬೆಟ್ಟೂ ಇದೆ. ಆಚೆಮನೆಯ ಅಕ್ಕನಿಗೆ ಬಾಕಿ ಮೂರು ತಿಂಗಳದ್ದನ್ನು ನನ್ನ ಸಂಬಳದಿಂದ ಕೊಟ್ಟು ಬಂದೆ. ಬೋರ್ಡೋವಿಗೆ ತೆಗೆದದ್ದನ್ನು ಅಡಿಕೆ ಮಾರಿದ ಮೇಲೆ ಅವನ ಖಾತೆಗೆ ವಾಪಸು ಹಾಕುವುದೆಂದು ಪುಸ್ತಕದ ಮೊದಲ ಪುಟದಲ್ಲೇ ಬರೆದಿದ್ದೇನೆ.

ಡಯಾಪರ್ ರಾತ್ರಿಗೆ ಒಂದರ ಹಾಗೆ 1,100. ಆಟೋಗೆ 400 ತೆಗೆದಿಟ್ಟೆ. ಒಟ್ಟು 5,400. ಬರುವುದು ಬಡ್ಡಿ ಸೇರಿ 6,600. ಉಳಿಯುವ 1,200 ಹುಡುಗನ ಎರಡು ತಿಂಗಳ ಸಂಬಳ ಕೂಡುವವರೆಗೆ ಮುಟ್ಟುವುದಿಲ್ಲ.

ಆಟೋ ಯಾಕೆಂದರೆ, ದುಡ್ಡಲ್ಲಿ ನಿನಗೆ ಏನು ಬೇಕು ಎಂದು ಕೇಳುತ್ತಾ ಪೇಟೆಗೆ ಹೋಗಬೇಕಾ ಎಂದದ್ದಕ್ಕೆ ಕಣ್ಣೆತ್ತಿದ. ತಿಂಗಳಿಗೆರಡು ಸಲ ಪೆರ್ಲ ಪೇಟೆಗೆ ಹೋಗಿ, ಬಸ್ಸುಗಳನ್ನು ನೋಡುತ್ತಾ ಒಂದು ಗಂಟೆ ಕೂತು ಬರುವುದು.

ಸ್ಥಳೀಯ ಸಮಿತಿಗೆ ಇನ್ನೂ ಅರ್ಜಿ ಹಾಕಲಿಲ್ಲ. ಮೊದಲು ಅವನ ತಿಳುವಳಿಕೆ ಎಷ್ಟಿದೆ ಎಂದು ಸರಿಯಾಗಿ ಪರೀಕ್ಷೆ ಮಾಡಿಸಿ, ಪಾಲಕರು ಬೇಕೇ, ಅಥವಾ ಹೆಬ್ಬೆಟ್ಟು, ಸಾಕ್ಷಿ ಸಾಕೇ ಎಂದು ಬ್ಯಾಂಕಿನಲ್ಲಿ ಬರೆದು ಕೇಳುತ್ತೇನೆ. ಮಂಜೇಶ್ವರದ ಅಣ್ಣ, ಆ ಪತ್ರ ಕಳಿಸುವ ಮೊದಲು ನಿಮಗೊಮ್ಮೆ ತೋರಿಸಬಹುದಾ?

ನಿನ್ನೆ ಹುಡುಗನಿಗೆ ಮೊದಲ ಸಂಬಳದ ದಿನ. ಲಕೋಟೆಯನ್ನು ತಮ್ಮನ ಅಂಗೈ ಕೆಳಗೆ ಇಟ್ಟೆ. ಅವನು ಕೈಯನ್ನು ಮಂಚದ ಅಂಚಿನವರೆಗೆ ತಳ್ಳಲು ಸುಮಾರು ಹೊತ್ತು ತೆಗೆದುಕೊಂಡ. ಹುಡುಗ ಕೈ ಚಾಚದೆ, ಅವಸರ ಮಾಡದೆ, ಲಕೋಟೆ ತನ್ನ ಹತ್ತಿರ ಬರುವವರೆಗೆ ನಿಂತೇ ಇದ್ದ.